ಗೇಟಿನಲ್ಲಿ ಬಿಟ್ಟ ಸ್ಟೆಪ್ನಿ

ಶಹಾಬಾದ
19-1-2025

ಪೂನಮ್‌ಗೆ ಜೈಭೀಮ್.

ನೀನು ಧಾರವಾಡದಲ್ಲಿ ಇಲ್ಲ ಎಂಬುದು ನನಗೆ ಗೊತ್ತಾಗಿದೆ. ಪಕ್ಕದ ಮನೆಯ ತಬಸ್ಸುಮ್ ತನ್ನ ಫೋನಿನಲ್ಲಿ ನಿನ್ನ ಫೋಟೋ ನೋಡಿ, ನಗುತ್ತಾ ತಂದು ನಿನ್ನ ಅವ್ವನಿಗೆ ತೋರಿಸಿದಳು. ಮೊಣಕಾಲ ತನಕ ಕರಿ ಕೆಸರು, ಕೈಯಲ್ಲಿ ಸಲಿಕೆ, ಹಿಂದೆ ನೀರೋ ಆಕಾಶವೋ ತಿಳಿಯದಂಥ ಬಯಲು. ನಿನ್ನ ಅವ್ವ, "ಪೋರಿ ಸೊರಗ್ಯಾಳ ನೋಡ್ರಿ" ಎಂದು ಕಣ್ಣೊರೆಸಿಕೊಂಡಳು. ನಾನು ನೋಡಿದ್ದು ಬೇರೆ. ಫೋಟೋದ ಕೆಳಗೆ ಕುಮಟಾ ಎಂದು ಇತ್ತು.

ಕಲ್ಲಿನ ಖಣಿಯ ಗೇಟಿನಲ್ಲಿ ಕೂತು ತಲೆ ಬೆಳ್ಳಗಾದವನು ನಾನು. ಚೀಟಿಯಲ್ಲಿ ಒಂದು, ಲಾರಿಯಲ್ಲಿ ಇನ್ನೊಂದು ಇದ್ದರೆ ತಾಡಪತ್ರಿ ಎತ್ತುವ ಮೊದಲೇ ನನಗೆ ತಿಳಿಯುತ್ತದೆ. ಹೊಟ್ಟೆಯಲ್ಲಿ ಹುಟ್ಟಿದವಳ ಲಾರಿಯನ್ನು ಮಾತ್ರ ತಪಾಸಣೆ ಇಲ್ಲದೆ ಬಿಟ್ಟಿದ್ದೆ ನೋಡು.

ತಬಸ್ಸುಮ್ ಓದಿ ಹೇಳಿದಳು, ನೀವು ಅಲ್ಲಿ ಒಡ್ಡು ಒಡೆದು ಸಮುದ್ರದ ನೀರನ್ನು ಹೊಲಕ್ಕೆ ಬಿಡುತ್ತೀರಂತೆ. ಒಡ್ಡು ಕಟ್ಟುವವರನ್ನು ಕಂಡಿದ್ದೇನೆ. ಒಡೆಯುವುದಕ್ಕೆ ಸಂಬಳ ಕೊಡುವವರನ್ನು ಕಂಡಿಲ್ಲ. ಯಾರವರು? ನೀರು ಬಿಟ್ಟು ಹಾಳಾದ ಹೊಲವನ್ನು ಆಮೇಲೆ ಯಾರು ಕೊಳ್ಳುತ್ತಾರೆ? ಅದನ್ನು ಮೊದಲು ಬರೆ.

ಫೋನು ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀ. ಕಾಗದದಲ್ಲಿ ಬರೆದದ್ದು ಬರೆದ ಹಾಗೇ ಇರುತ್ತದೆ, ಎರಡನೇ ಸಲ ನೋಡಬಹುದು.

ವಾಡಿಯ ಕಾರ್ಖಾನೆ ಆಫೀಸಿನಲ್ಲಿ ಜಾಗ ಖಾಲಿ ಇದೆ ಎಂದು ನನ್ನ ಗೆಳೆಯ ಅಶೋಕಕುಮಾರ ಹೇಳಿದ್ದಾನೆ. ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಯ ತನಕ ಕಾಯುತ್ತಾನಂತೆ. ಅಷ್ಟರೊಳಗೆ ನೀನು ಮನೆಯಲ್ಲಿ ಇರಬೇಕು.

ನಿನ್ನ ಅಪ್ಪ
ಅಂಬಾರಾಯ

* * *

ಅಳಿವೆದಂಡೆ, ಕುಮಟಾ ತಾಲೂಕು
30-1-2025

ಅಪ್ಪನಿಗೆ ಜೈಭೀಮ್.

ಧಾರವಾಡದ್ದು ಪೂರ್ತಿ ಸುಳ್ಳಲ್ಲ. ನಮ್ಮ ಸಂಸ್ಥೆಯ ಆಫೀಸು ಅಲ್ಲಿದೆ, ತರಬೇತಿಯೂ ಅಲ್ಲೇ ಆಯಿತು. ಆಮೇಲೆ ಇಲ್ಲಿಗೆ ಕಳಿಸಿದರು. ಸಮುದ್ರ ಎಂದರೆ ನೀವು ಹೆದರಿ ಊಟ ಬಿಡುತ್ತೀರಿ ಎಂದು ಹೇಳಲಿಲ್ಲ.

ಹೊಳೆ ಸಮುದ್ರ ಸೇರುವ ಜಾಗಕ್ಕೆ ಇಲ್ಲಿ ಅಳಿವೆ ಎನ್ನುತ್ತಾರೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಹೊಳೆಯೊಳಗೆ ಏರಿ ಬರುತ್ತದೆ, ಎರಡು ಸಲ ಇಳಿದು ಹೋಗುತ್ತದೆ. ಏರುವುದಕ್ಕೆ ಭರತ, ಇಳಿಯುವುದಕ್ಕೆ ಇಳಿತ. ಹಾಗೆ ನೀರಾಡುವ ಕೆಸರು ಬಯಲಿನಲ್ಲಿ ಮೊದಲು ಉಪ್ಪಿಗೆ ಜಗ್ಗದ ಕಗ್ಗ ಭತ್ತ, ಜೊಂಡು, ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲ ಗಿಡ, ಮೀನು, ಏಡಿ ಎಲ್ಲ ಇದ್ದವಂತೆ. ಆಮೇಲೆ ಉಪ್ಪುನೀರೇ ಬರಬಾರದೆಂದು ಎತ್ತರದ ಒಡ್ಡು ಹಾಕಿದರು. ಒಳಗಿನ ನೆಲ ವರ್ಷ ವರ್ಷ ಕುಗ್ಗಿತು, ಹೊರಗಿನ ಸಮುದ್ರ ವರ್ಷ ವರ್ಷ ಏರುತ್ತಿದೆ. ಈಗ ಮಳೆಗಾಲದಲ್ಲಿ ನೀರು ಒಡ್ಡು ಹಾರಿ ಬರುತ್ತದೆ, ಬಂದದ್ದು ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಕೊಳೆಯುತ್ತದೆ.

ಅದಕ್ಕೇ ಒಂದು ಕಡೆ ಒಡ್ಡು ಕಡಿದು ನೀರಿಗೆ ಬಂದು ಹೋಗುವ ಬಾಗಿಲು ಬಿಡುತ್ತೇವೆ. ನೀರು ಹೂಳು ತರುತ್ತದೆ, ಹೂಳು ಕೂತು ನೆಲ ಏಳುತ್ತದೆ, ಅದರ ಮೇಲೆ ಹುಲ್ಲೂ ಕಾಂಡ್ಲವೂ ನಿಂತರೆ ಅಲೆಯ ಪೆಟ್ಟು ಊರಿಗೆ ತಾಗುವುದಿಲ್ಲ. ಹೊಲ ಯಾರೂ ಕೊಳ್ಳುವುದಿಲ್ಲ. ಯಾರದೋ ಅವರದೇ, ನೆಲ ಎದ್ದ ಮೇಲೆ ಅದರಲ್ಲಿ ಕಗ್ಗ ಮತ್ತೆ ಬೆಳೆಯಬಹುದು.

ಊರಿನವರೆಲ್ಲ ಒಪ್ಪಿದ್ದಾರೆ, ಗಣಪಿ ಎಂಬ ಅಜ್ಜಿಯೊಬ್ಬಳನ್ನು ಬಿಟ್ಟು. ಅವಳ ಗದ್ದೆ ಸರಿಯಾಗಿ ಒಡ್ಡಿನ ಹಿಂದೆಯೇ ಇದೆ. ಅವಳು ಹೂಂ ಎನ್ನದೆ ನಾವು ಸಲಿಕೆ ಹಾಕುವ ಹಾಗಿಲ್ಲ. ನಾನು ಹೋದಾಗಲೆಲ್ಲ ಕಾಲು ಚಾಚಿಕೊಂಡು ಕೂತು, "ಎಂತಕ್ಕೆ ಒಡೀಬೇಕು?" ಎಂದು ಮೊದಲಿನಿಂದ ಶುರು ಮಾಡುತ್ತಾಳೆ. ಅವಳನ್ನು ನೋಡಿದರೆ ನೀವೇ ನೆನಪಾಗುತ್ತೀರಿ.

ನಿನ್ನೆ ಅಮಾವಾಸ್ಯೆ. ಮಧ್ಯಾಹ್ನ ನೀರು ಒಡ್ಡಿನ ಕುತ್ತಿಗೆಗೆ ಬಂದಿತ್ತು. ಕೆಲಸ ಮಾಡಲಾಗದೆ ಎಲ್ಲರೂ ಒಡ್ಡಿನ ಮೇಲೆ ಕಾಲು ಇಳಿಬಿಟ್ಟು ಬುತ್ತಿ ಉಂಡೆವು. ನೀವೂ ಇರಬೇಕಿತ್ತು ಅನ್ನಿಸಿತು.

ನಿಮ್ಮ ಮಗಳು
ಪೂನಮ್

* * *

ಅಳಿವೆದಂಡೆ
7-2-2025

ಅಪ್ಪನಿಗೆ ಜೈಭೀಮ್.

ನಿಮ್ಮ ಉತ್ತರ ಬರಲಿಲ್ಲ. ಸಿಟ್ಟು ಇಳಿದಿಲ್ಲ ಎಂದು ಕಾಣುತ್ತದೆ. ಆದರೂ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಗಣಪಿಯ ಜೊತೆ ಒಡ್ಡಿನ ಹೊರಗಿನ ಕೆಸರಿನಲ್ಲಿ ನಡೆದು ಬಳಚು ಆರಿಸಿದೆ. ಬಳಚು ಎಂದರೆ ಚಿಪ್ಪಿನ ಹುಳು, ಸಾರು ಮಾಡುತ್ತಾರೆ. ಅವಳು ಹಿಮ್ಮಡಿಯಿಂದ ಒತ್ತಿ ನೋಡಿಯೇ ಇಲ್ಲಿದೆ ಎನ್ನುತ್ತಾಳೆ. ನನಗೆ ಒಂದೂ ಸಿಗಲಿಲ್ಲ. ಅವಳು ನಕ್ಕಳು, ಆದರೆ ಒಡ್ಡಿನ ಮಾತೆತ್ತಿದ ಕೂಡಲೇ ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು.

ಅವ್ವನಿಗೆ ಸಜ್ಜೆ ರೊಟ್ಟಿ ನೆನಪಾಗುತ್ತದೆ ಎಂದು ಹೇಳಿರಿ.

ಪೂನಮ್

* * *

ಶಹಾಬಾದ
17-2-2025

ಪೂನಮ್‌ಗೆ,

ನಿನ್ನ ಎರಡೂ ಪತ್ರ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಸಿಕ್ಕಿಬಿದ್ದೆ ಮಗಳೇ.

ಮೊದಲನೆಯದರಲ್ಲಿ ಮಧ್ಯಾಹ್ನ ನೀರು ಒಡ್ಡಿನ ಕುತ್ತಿಗೆಗೆ ಬಂದಿತ್ತು. ಎರಡನೆಯದರಲ್ಲಿ ಅದೇ ಒಡ್ಡಿನ ಹೊರಗೆ ಮಧ್ಯಾಹ್ನ ಕೆಸರಿನಲ್ಲಿ ನಡೆದು ಹುಳು ಆರಿಸಿದೆ. ಒಂದೇ ಜಾಗ, ಒಂದೇ ಹೊತ್ತು. ಕುತ್ತಿಗೆ ಮಟ್ಟದ ನೀರು ಎಲ್ಲಿ ಹೋಯಿತು? ದಿನಕ್ಕೆ ಎರಡು ಸಲ ಬರುತ್ತದೆ ಎಂದು ನೀನೇ ಬರೆದಿದ್ದೀ. ಎರಡು ಸಲ ಎಂದರೆ ಕಾರ್ಖಾನೆಯ ಭೋಂಗಾ ಹೊಡೆದ ಹಾಗೆ ಹೊತ್ತಿಗೆ ಸರಿಯಾಗಿ ಬರಬೇಕು. ನಮ್ಮ ಭೋಂಗಾ ಒಂದು ದಿನ ಬೆಳಿಗ್ಗೆ, ಒಂದು ದಿನ ಮಧ್ಯಾಹ್ನ ಹೊಡೆದಿದ್ದರೆ ಈ ಊರಿನಲ್ಲಿ ಯಾರೂ ಪಾಳಿಗೆ ಹೋಗುತ್ತಿರಲಿಲ್ಲ.

ನೀನು ಆ ಊರಿನಲ್ಲಿ ಇಲ್ಲ. ಬೇರೆ ಎಲ್ಲೋ ಕೂತು, ನೋಡದ್ದನ್ನು ನೋಡಿದ ಹಾಗೆ ಬರೆಯುತ್ತಿದ್ದೀ. ಯಾರ ಜೊತೆ ಇದ್ದೀ ಎಂದು ಕೇಳುವ ಧೈರ್ಯ ನಿನ್ನ ಅವ್ವನಿಗೆ ಇಲ್ಲ. ನಾನು ಕೇಳುತ್ತಿದ್ದೇನೆ.

ಇನ್ನು ಆ ಅಜ್ಜಿ. ಅವಳು ನಿಜವಾಗಿ ಇದ್ದರೆ, ಅವಳು ಹೇಳುವುದೇ ಸರಿ. ರಾವೂರಿನಲ್ಲಿ ನಮ್ಮ ಹೊಲಕ್ಕೂ ಹೀಗೇ ಬಿಳಿ ಜೀಪಿನಲ್ಲಿ ಬಂದಿದ್ದರು. ನೀನಿನ್ನೂ ತೊಟ್ಟಿಲಲ್ಲಿದ್ದೆ. ನಗುಮುಖದವರು, ನನ್ನ ಅವ್ವನ ಕೈಯ ಚಹಾ ಕುಡಿದರು. "ಕಲ್ಲು ತಗೊಂಡ ಮ್ಯಾಲ ಮಣ್ಣು ತುಂಬಿ, ಗಿಡ ಹಚ್ಚಿ, ಮೊದಲಿನಕಿಂತ ಛಲೋ ಮಾಡಿ ಕೊಡ್ತೀವಿ ಕಾಕಾ" ಎಂದರು. ಆ ಗುಂಡಿಯಲ್ಲಿ ಈಗ ಹಸಿರು ನೀರು ನಿಂತಿದೆ. ನನ್ನ ಅವ್ವ ಸಾಯುವ ತನಕ ಜೀಪಿನ ಸದ್ದು ಕೇಳಿದರೆ ಬಾಗಿಲಿಗೆ ಬರುತ್ತಿದ್ದಳು.

ನಮ್ಮ ಗೇಟಿನಲ್ಲಿ ಒಂದು ರೂಢಿ ಇತ್ತು. ಡ್ರೈವರನ ಹತ್ತಿರ ಚೀಟಿ ಇಲ್ಲದಿದ್ದರೆ, "ನಾಳೆ ತಂದು ಕೊಡ್ತೀನಿ" ಎಂಬ ಬಾಯಿಮಾತಿಗೆ ಲಾರಿ ಬಿಡುತ್ತಿರಲಿಲ್ಲ. ಸ್ಟೆಪ್ನಿ ಬಿಚ್ಚಿ ಗೇಟಿನಲ್ಲಿ ಇಟ್ಟು ಹೋಗಬೇಕು. ಆ ಗಾಲಿಗಾಗಿಯಾದರೂ ತಿರುಗಿ ಬರುತ್ತಾನೆ. ಜೀಪಿನವರು ನಮ್ಮ ಹತ್ತಿರ ಏನು ಇಟ್ಟು ಹೋದರು? ನೀನು ಆ ಅಜ್ಜಿಯ ಹತ್ತಿರ ಏನು ಇಟ್ಟಿದ್ದೀ?

ಜಯಂತಿಗೆ ಮನೆಗೆ ಬಾ. ಬರದಿದ್ದರೆ ಆಮೇಲೆ ಬರುವುದೇ ಬೇಡ.

ಅಂಬಾರಾಯ

* * *

ಅಳಿವೆದಂಡೆ
28-2-2025

ಅಪ್ಪನಿಗೆ,

ಸಮುದ್ರಕ್ಕೆ ಭೋಂಗಾ ಇಲ್ಲ. ಅದು ಚಂದ್ರನ ಹಿಂದೆ ಹೋಗುತ್ತದೆ. ಚಂದ್ರ ದಿನಾ ತಡವಾಗಿ ಹುಟ್ಟುವುದನ್ನು ನೀವು ನೋಡಿಲ್ಲವೇ? ನೀರೂ ಹಾಗೇ ದಿನಾ ತಡವಾಗಿ ಏರುತ್ತದೆ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಮಧ್ಯಾಹ್ನ ತುಂಬಿರುತ್ತದೆ. ಅಷ್ಟಮಿ ಹೊತ್ತಿಗೆ ಮಧ್ಯಾಹ್ನ ಕೆಸರು ಕಾಣುತ್ತದೆ. ಎರಡೂ ನಿಜ.

ನಾನು ಯಾರ ಜೊತೆಗೂ ಇಲ್ಲ. ಬೆಳಿಗ್ಗೆಯಿಂದ ಕೆಸರಿನಲ್ಲಿ ನಿಂತು, ಸಂಜೆ ಗಣಪಿಯ ಹತ್ತಿರ ಬೈಸಿಕೊಂಡು, ಬಂದು ನಿಮ್ಮ ಪತ್ರ ಓದಿ ಅತ್ತೆ. ಇಷ್ಟು ಬರೆದರೆ ಸಾಕಲ್ಲ?

ಗಣಪಿ ಒಪ್ಪಿದರೆ ಒಡ್ಡು ಕಡಿಯುವುದು ಏಪ್ರಿಲ್ ಹುಣ್ಣಿಮೆಗೆ. ಅದರ ಮರುದಿನವೇ ಜಯಂತಿ. ಅವತ್ತು ನಾನು ಶಹಾಬಾದದಲ್ಲಿ ಇರಲಾರೆ. ನಂಬಿಕೆ ಇಲ್ಲದಿದ್ದರೆ ಬಂದು ನೋಡಿರಿ.

ಪೂನಮ್

* * *

ಶಹಾಬಾದ
1-4-2025

ಪೂನಮ,

ಮನ್ಯಾಗಿನ ಫೋನು ನಿಮ್ಮಪ್ಪನ ಕಿಸೇದಾಗ ಇರ್ತದ, ಅದಕ್ಕ ತಬಸ್ಸುಮನ ಕಡಿಂದ ಬರಸಾಕತ್ತೀನಿ. ಗುಟ್ಟಿನ ಮಾತದ, ಯಾರ ಮುಂದೂ ಆಡಬ್ಯಾಡ.

ಹೋದ ವಾರ ನಿಮ್ಮಪ್ಪ, "ಚಂದ್ರಂಪಳ್ಳಿಗಿ ಹೋಗಿ ತಂಗೀನ್ನ ಮಾತಾಡಿಸಿಕೊಂಡು ಬರ್ತೀನಿ" ಅಂತ ಚೀಲ ಹಾಕ್ಕೊಂಡು ಹೋದ. ಯಾವತ್ತೂ ತಂಗಿ ಅನ್ನಲಾರದ ಮನಷ್ಯಾ, ನನಗ ಆವಾಗೇ ಖಟಕ್ ಅಂತು. ಮರದಿನ ನಿಮ್ಮತ್ತಿ ಲಾಲಮ್ಮಂದೇ ತಬಸ್ಸುಮನ ಫೋನಿಗಿ ಫೋನ್ ಬಂತು. "ವೈನಿ, ಅಣ್ಣ ಆರಾಮ ಅದಾನೇನು" ಅಂತ ಕೇಳ್ತಾಳ. ನಾ ಏನು ಹೇಳ್ಲಿ? ಆರಾಮ ಅದಾನ ಅಂದೆ.

ಉಗಾದಿ ದಿನ ಮನ್ಯಾಗಿಲ್ಲ. ಮರದಿನ ಬಂದ. ಒಂದ ಕಾಲಾಗ ಚಪ್ಪಲಿ ಇಲ್ಲ. ಪ್ಯಾಂಟಿಗಿ ಕರೀ ರಾಡಿ ಮೆತ್ತಿ ಒಣಗಿ ಹಪ್ಪಳ ಆಗ್ಯದ. ತೊಳ್ಯಾಕ ಹೋದ್ರ ಮೀನ ನಾರ್ತದ, ನಾಲಿಗಿಗಿ ಹಚ್ಚಿ ನೋಡಿದ್ರ ಉಪ್ಪು. ಚಂದ್ರಂಪಳ್ಳಿ ಕೆರ್ಯಾಗ ಉಪ್ಪು ಎಲ್ಲಿಂದ ಬಂತು? ಕೇಳಿದ್ರ, "ಸುಮ್ಮ ಕುಂದ್ರು" ಅಂದ. ನಿನ್ನೆ ಸಂಜಿಗಿ ಅಂಗಳದಾಗ ನಿಂತು ಮ್ಯಾಲ ನೋಡಾಕತ್ತಿದ್ದ.

ಊರ ಮಂದೀನ್ನೆಲ್ಲ ಸುಳ್ಳುಗಾರರು ಅಂತಿದ್ದ, ಈಗ ಇವನೇ ಸುಳ್ಳು ಹೇಳಾಕತ್ಯಾನ. ನನಗ ಭಾಳ ಹೆದರಿಕಿ ಆಗ್ಯದ. ನಿನಗೇನರೆ ಗೊತ್ತದೇನು?

ನಿಮ್ಮವ್ವ
ಪೀರಮ್ಮ

(ಅಕ್ಕಾ, ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಚಪ್ಪಲಿ ವಿಷಯ ನಿಜ, ನಾನೂ ನೋಡಿದೆ. ತಬಸ್ಸುಮ್)

* * *

ಅಳಿವೆದಂಡೆ
5-4-2025

ಅಪ್ಪನಿಗೆ ಜೈಭೀಮ್.

ಗಣಪಿ ಒಪ್ಪಿದಳು. ನಿನ್ನೆ ತಾನಾಗಿ ನಮ್ಮ ಜಾಗಕ್ಕೆ ಬಂದು, "ಹುಣ್ಣಿಮೆಗೆ ಕಡೀರಿ" ಎಂದಳು. ಇಷ್ಟು ದಿನ ನಾನು ಹೇಳಿದ ಯಾವ ಮಾತೂ ಅವಳ ಕಿವಿಗೆ ಹೋಗಿರಲಿಲ್ಲ. ಏನಾಯಿತು ಎಂದು ಕೇಳಿದರೆ, "ನೀನು ಇಲ್ಲೇ ಇರ್ತೀಯಂತಲ್ಲ. ನಿನ್ನ ಅಪ್ಪ ಜಾಮೀನು ಕೊಟ್ಟಿದ್ದಾನೆ" ಎಂದಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಬಿಡಲಿಲ್ಲ. ಅವಳ ದೋಣಿಯಲ್ಲಿ ಒಂದು ಚಪ್ಪಲಿ ಇದೆ. ಬಲಗಾಲಿನದು. ನಾನೇ ಕಲಬುರಗಿಯಲ್ಲಿ ಕೊಡಿಸಿದ್ದು.

ಬಂದಿರಿ, ನನ್ನನ್ನು ನೋಡದೆ ಹೋದಿರಿ. ಅಷ್ಟು ದೂರ ಬಂದವರಿಗೆ ಮಗಳ ಹತ್ತಿರ ನಾಲ್ಕು ಹೆಜ್ಜೆ ಬರಲು ಆಗಲಿಲ್ಲವೇ? ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಏನು ಮಾತು ಕೊಟ್ಟಿದ್ದೀರಿ? ಈ ಕೆಲಸಕ್ಕೆ ಸಂಸ್ಥೆ ಇಲ್ಲಿರುವುದು ಮುಂದಿನ ವರ್ಷದ ತನಕ ಮಾತ್ರ. ಆಮೇಲೆ ಎಲ್ಲರೂ ಬೇರೆ ಕಡೆ ಹೋಗುತ್ತೇವೆ. ಜಯಂತಿಗೆ ಬರದಿದ್ದರೆ ಬರಲೇಬೇಡ ಎಂದವರು ನೀವು. ಈಗ ಇಲ್ಲೇ ಇರುತ್ತಾಳೆ ಎಂದು ಹೇಳಿ ಹೋದವರೂ ನೀವೇ. ಯಾವುದು ನಿಜ?

ಪೂನಮ್

* * *

ಶಹಾಬಾದ
9-4-2025

ಪೂನಮ್‌ಗೆ ಜೈಭೀಮ್.

ಕೇಳಿದ್ದೀ, ಹೇಳುತ್ತೇನೆ. ನಡುವೆ ನಗಬೇಡ.

ಅಮಾವಾಸ್ಯೆಗೆ ಮಧ್ಯಾಹ್ನ ನೀರು ತುಂಬುತ್ತದೆ ಎಂದು ನೀನು ಬರೆದಿದ್ದೆಯಲ್ಲ, ಅದೇ ದಿನ ಹಿಡಿಯಬೇಕೆಂದು ಹೊರಟೆ. ವಾಡಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ, ಅಲ್ಲಿಂದ ಘಟ್ಟ ಇಳಿಯುವ ಬಸ್ಸು. ಬೆಳಿಗ್ಗೆ ಬೇಗನೆ ನಿನ್ನ ಒಡ್ಡಿನ ಮೇಲೆ ನಿಂತಿದ್ದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ನಿನಗೆ ಸುದ್ದಿ ಹೋಗುತ್ತದೆ.

ನೋಡಿದರೆ ಎಲ್ಲಿದೆ ಸಮುದ್ರ? ಕಣ್ಣು ಹೋಗುವ ತನಕ ಕೆಸರು, ನಡುವೆ ಒಂದು ಸಣ್ಣ ಹೊಳೆ. ಇಷ್ಟು ಬಯಲು ಮಧ್ಯಾಹ್ನದೊಳಗೆ ಎಲ್ಲಿಂದ ತುಂಬೀತು ಎಂದುಕೊಂಡೆ. ಸುಳ್ಳೇಕೆ ಬರೆಯಲಿ, ಆಗ ನನಗೆ ಸಂತೋಷವಾಯಿತು. ಮಗಳು ಸುಳ್ಳುಗಾರ್ತಿ ಎಂದು ಕಂಡುಹಿಡಿದ ಸಂತೋಷ. ಅಂಥ ತಂದೆ ನಾನು.

ಚೆನ್ನಾಗಿ ತಪಾಸಣೆ ಮಾಡೋಣ ಎಂದು ಕೆಳಗೆ ಇಳಿದೆ. ಕೆಸರು ಚಪ್ಪಲಿ ಎಳೆದುಕೊಂಡಿತು, ಒಂದನ್ನು ಹಾಗೇ ಬಿಟ್ಟೆ. ಸಾಕಷ್ಟು ದೂರ ನಡೆದು ತಿರುಗಿ ನೋಡಿದರೆ ಹಿಂದೆ ನೀರು. ನಾನು ಮುಂದೆ ನೋಡುತ್ತಿದ್ದೆ, ಅದು ತೋಡುಗಳಲ್ಲಿ ಸುತ್ತಿ ಹಿಂದಿನಿಂದ ಬಂತು. ಸದ್ದಿಲ್ಲ, ಅಬ್ಬರವಿಲ್ಲ. ಮೊಣಕಾಲಿಗೆ ಬಂತು, ತೊಡೆಗೆ ಬಂತು. ನನಗೆ ಈಜು ಬರುವುದಿಲ್ಲ ಎಂದು ನಿನಗೆ ಗೊತ್ತು. "ಯಾರರೆ ಅದೀರೇನ್ರಿ" ಎಂದು ಕೂಗಿದೆ. ನಾನು ಅಷ್ಟು ಹೆದರಿದ್ದು ಖಣಿಯಲ್ಲಿ ಸುರಂಗ ಹಾರಿಸುವಾಗಲೂ ಇಲ್ಲ.

ಒಬ್ಬ ಮುದುಕಿ ದೋಣಿ ತಂದಳು. ತೋಳು ಹಿಡಿದು ಮೂಟೆಯ ಹಾಗೆ ಎಳೆದು ಹಾಕಿಕೊಂಡಳು.

"ಭರತದ ಹೊತ್ತಿಗೆ ಇಲ್ಲಿ ಇಳೀತಾರಾ ಯಾರಾದ್ರೂ? ಎಲ್ಲಿಯವ್ರು ನೀವು?"

"ಶಹಾಬಾದದಿಂದ ಬಂದೀನವ್ವ. ನೀರು ಬರ್ತದೋ ಇಲ್ಲೋ ನೋಡಾಕ."

"ನೋಡಿದ್ರಲ್ಲ."

ಸ್ವಲ್ಪ ಹೊತ್ತು ಹುಟ್ಟು ಹಾಕಿ, "ನೀವು ಆ ಹುಡುಗಿ ಅಪ್ಪ. ಅವಳದ್ದೂ ಇದೇ ಮಾತು, ಇದೇ ಮೂಗು" ಎಂದಳು. ಆಗ ಅವಳು ಕೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಅಪ್ಪ ಆದವ್ರೇ ಅವಳನ್ನ ನಂಬದೆ ಪರೀಕ್ಷೆಗೆ ಬಂದಿದ್ದೀರಿ. ನಾನು ಎಂತಕ್ಕೆ ನಂಬಬೇಕು?"

ಅಷ್ಟರಲ್ಲಿ ಆ ಕಡೆ ದಂಡೆಯಲ್ಲಿ ನೀನು ಕಂಡೆ. ಸೊಂಟದ ತನಕ ಕೆಸರು, ತಲೆಯ ಮೇಲೆ ಸಸಿಯ ಬುಟ್ಟಿ, ಯಾರನ್ನೋ ಗದರುತ್ತಿದ್ದೆ. ನನ್ನ ಅವ್ವ ನಿನ್ನಲ್ಲಿ ಕಂಡಳು. ಹತ್ತಿರ ಬರಬೇಕೆನಿಸಿತು. ಆದರೆ ಒಂದು ಕಾಲಿಗೆ ಚಪ್ಪಲಿ ಇಲ್ಲದೆ, ನಿನ್ನ ಸಮುದ್ರಕ್ಕೆ ಸಿಕ್ಕಿಬಿದ್ದು ನಿನ್ನ ಮುಂದೆ ನಿಲ್ಲಲು ನಾಚಿಕೆಯಾಯಿತು. ನೀರಿಗೆ ಸಿಕ್ಕಿದ್ದನ್ನು ನಿನಗೆ ಹೇಳಬಾರದೆಂದು ಗಣಪಿಯಿಂದ ಮಾತು ತೆಗೆದುಕೊಂಡೆ. ಉಳಿದ ಚಪ್ಪಲಿಯನ್ನು ದೋಣಿಯಲ್ಲೇ ಮರೆತು, ಕುಮಟಾದ ಧರ್ಮಶಾಲೆಯಲ್ಲಿ ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ ಹಾಕಿಕೊಂಡು ಬಂದೆ.

ಅವಳ ಪ್ರಶ್ನೆಗೆ ಹೀಗೆ ಹೇಳಿದೆ. "ನಂಬಬ್ಯಾಡವ್ವ. ನಮ್ಮ ಹೊಲ ತಗೊಂಡವರನ್ನ ನಂಬಿ ನಾವು ಕೆಟ್ಟೀವಿ. ಅವರು ಆವತ್ತು ಖರೇನೇ ಹೇಳಿರಬೇಕು, ಆದ್ರ ಏನೂ ಇಟ್ಟು ಹೋಗಿರಲಿಲ್ಲ, ಅದಕ್ಕ ತಿರುಗಿ ಬರಲಿಲ್ಲ. ನಾ ಪೋರಿನ್ನ ನಿನ್ನ ಹತ್ರ ಇಟ್ಟು ಹೋಗ್ತೀನಿ. ನಿನ್ನ ಗದ್ದ್ಯಾಗ ಏನರೆ ಬೆಳದು ನಿನ್ನ ಮನಿಗಿ ಬರೋತನಾ ಇಕಿನ್ನ ಬಿಡಬ್ಯಾಡ. ಉಳಿದವರು ಹೋದ್ರ ಹೋಗಲಿ. ನಾ ಕರದ್ರೂ ಕಳಸಬ್ಯಾಡ."

ನಿನ್ನನ್ನು ಕೇಳದೆ ಹೇಳಿದೆ. ನಿನಗೆ ಆಗುವುದಿಲ್ಲ ಎಂದಾದರೆ ಒಡ್ಡಿಗೆ ಸಲಿಕೆ ಬೀಳುವ ಮೊದಲು ನೀನೇ ಹೋಗಿ ಅವಳಿಗೆ ಹೇಳು. ಬಿದ್ದ ಮೇಲೆ ಹೇಳಬೇಡ. ಹಾಗೆ ಹೇಳಿ ಮನೆಗೆ ಬಂದರೆ ವಾಡಿಯ ಕೆಲಸ ಇದೆ, ನಿನ್ನ ಅವ್ವ ಕುಣಿದಾಡುತ್ತಾಳೆ, ನನಗೂ ಬೇಕಾದದ್ದು ಅದೇ. ಆದರೆ ಆ ಮುದುಕಿಯ ಬಾಗಿಲಿಗೆ ಹೋಗದೆ ಬಂದರೆ ನಾನು ನಿನ್ನ ಮುಖ ನೋಡಲಾರೆ.

ಅಶೋಕಕುಮಾರನಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ ಅಪ್ಪ

* * *

ಅಳಿವೆದಂಡೆ
13-4-2025, ಹುಣ್ಣಿಮೆ

ಅಪ್ಪನಿಗೆ ಜೈಭೀಮ್.

ಗಣಪಿಯ ಬಾಗಿಲಿಗೆ ಹೋಗಿದ್ದೆ. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ತನ್ನ ಮನೆಯ ಹಿಂದಿನ ಕೋಣೆ ಗುಡಿಸಿ, ಚಾಪೆ ಹಾಸಿ, "ಸಂಸ್ಥೆಯವ್ರು ಹೋದ್ಮೇಲೆ ನಿನಗೆ ಜಾಗ ಬೇಕಲ್ಲ" ಎಂದಳು. ಆಗಲಿ, ಇರುತ್ತೇನೆ ಎಂದೆ.

ಬೆಳಿಗ್ಗೆ ಇಳಿತದಲ್ಲಿ ಒಡ್ಡು ಕಡಿದೆವು. ಮೊದಲ ಸಲಿಕೆ ಅವಳೇ ಹಾಕಿದಳು. ಮಧ್ಯಾಹ್ನ ನೀರು ಒಳಗೆ ಬಂತು. ಅವಳು ಗದ್ದೆಯ ಅಂಚಿನಲ್ಲಿ ಕೂತು ನೋಡುತ್ತಿದ್ದಳು, ಊಟಕ್ಕೂ ಏಳಲಿಲ್ಲ. ನನ್ನ ಸೀರೆಯ ಸೆರಗು ಅವಳ ಕೈಯಲ್ಲೇ ಇತ್ತು.

ಅಶೋಕಕುಮಾರ ಅವರಿಗೆ ಇಲ್ಲ ಎಂದು ಹೇಳಿರಿ.

ಪೂನಮ್

* * *

ಶಹಾಬಾದ
20-4-2025

ಪೂನಮ್‌ಗೆ ಜೈಭೀಮ್.

ಹೇಳಿದೆ. ಅಶೋಕಕುಮಾರನ ಮನೆಯಿಂದ ಹಿಂತಿರುಗುವಾಗ ದಾರಿಯುದ್ದಕ್ಕೂ ನಿನ್ನ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಜಯಂತಿಯ ಮೆರವಣಿಗೆಯಲ್ಲಿ ಎಲ್ಲರೂ, "ಪೂನಮ್ ಬಂದಿಲ್ಲೇನು" ಎಂದು ಕೇಳಿದರು. ನಿನ್ನ ಪತ್ರ ಇನ್ನೂ ಬಂದಿರಲಿಲ್ಲ, ಆದರೂ ಬರುವುದಿಲ್ಲ, ಅಲ್ಲಿ ಇಟ್ಟು ಬಂದಿದ್ದೇನೆ ಎಂದೆ. ನಿನ್ನ ಅವ್ವ ಈಗ ತಾನೂ ಅಲ್ಲಿಗೆ ಬರುತ್ತೇನೆ ಎಂದು ರೊಟ್ಟಿಯ ಹಿಟ್ಟು ಬೀಸಿಸಿ ಇಟ್ಟಿದ್ದಾಳೆ. ಅವಳನ್ನು ಕೆಸರಿಗೆ ಇಳಿಸಬೇಡ.

ಹುಣ್ಣಿಮೆಯ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. "ಈಗ ನೀರು ಒಳಗ ಬಂದಿರಬೇಕು" ಎಂದೆ. ಪೀರಮ್ಮ ನನ್ನ ಮುಖ ನೋಡಿದಳು. ಆಮೇಲೆ ನಿನ್ನ ಪತ್ರ ಬಂತು, ಹೊತ್ತು ಸರಿ ಇತ್ತು.

ನಾಳೆ ಅಷ್ಟಮಿ. ಮಧ್ಯಾಹ್ನ ಅಲ್ಲಿ ಕೆಸರು ಇರಬೇಕು. ನೀರು ಇತ್ತು ಎಂದು ಬರೆದರೆ ನಾನು ನಂಬುವುದಿಲ್ಲ.

ನಿನ್ನ ಅಪ್ಪ
ಅಂಬಾರಾಯ